ಪಾರದರ್ಶಕ ಪದರದ ಒಡತಿ

ಕ್ಯಾನ್‌ಬೆರಾದ ಆ ಸೌರಕೋಶ ಪ್ರಯೋಗಾಲಯದಲ್ಲಿ ಪಾರದರ್ಶಕ ಪದರ ಎಂದರೆ ಬ್ರಾನ್ವಿನ್, ಬ್ರಾನ್ವಿನ್ ಎಂದರೆ ಪಾರದರ್ಶಕ ಪದರ. ಕೆಳಗೆ ಸಿಲಿಕಾನ್, ಮೇಲೆ ಪೆರೊವ್‌ಸ್ಕೈಟ್ ಎಂಬ ನಾಜೂಕು ಹರಳಿನ ಪೊರೆ ಇಟ್ಟು ಜೋಡಿಕೋಶ ಕಟ್ಟುವವರು ಎಷ್ಟೇ ಜಾಣರಿರಲಿ, ಬೆಳಕನ್ನು ಒಳಗೆ ಬಿಟ್ಟು ವಿದ್ಯುತ್ತನ್ನು ಹೊರಗೆ ತರುವ ಆ ನೆತ್ತಿಯ ಪದರಕ್ಕೆ ಅವಳ ಹತ್ತಿರವೇ ಬರಬೇಕಿತ್ತು. ಬಂದವರನ್ನು ಅವಳು ಸ್ವಲ್ಪ ಕಾಯಿಸುತ್ತಿದ್ದಳು ಕೂಡ. ಕಾಯಿಸುವುದರಲ್ಲಿ ಒಂದು ಸುಖವಿತ್ತು.

ಆಗ ಪರ್ತ್‌ನಿಂದ ಡೆಕ್ಲನ್ ಬಂದ. ಬಂದ ಸ್ವಲ್ಪ ದಿನಕ್ಕೇ ಅವನ ಪೆರೊವ್‌ಸ್ಕೈಟ್ ಎಲ್ಲರದಕ್ಕಿಂತ ನುಣುಪಾಗಿ ಬಂತು. ಪ್ರೊಫೆಸರ್ ರೊವೀನಾ ಅವನನ್ನು ತಲೆಯ ಮೇಲೆ ಕೂರಿಸಿಕೊಂಡರು. ಎಲ್ಲರ ಬಾಯಲ್ಲೂ 'ಡೆಕ್ಲನ್ ಕೋಶ'. ಅದರ ನೆತ್ತಿಯ ಮೇಲೆ ಬ್ರಾನ್ವಿನ್ ಹಾಕಿದ ಪದರವಿದೆ ಎಂದು ಒಬ್ಬರೂ ಅನ್ನಲಿಲ್ಲ. ಅವಳ ಹೊಟ್ಟೆ ಉರಿಯಿತು. ಅವನ ನಗು ಕಂಡರೂ ಉರಿ, ಅವನ ಸೈಕಲ್ ಕಂಡರೂ ಉರಿ. ಅವನು ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾಳಾದವನು ಒಳ್ಳೆಯವನೂ ಆಗಿದ್ದ.

ನೀನು ರಜೆ ಹಾಕಿದಾಗ ಕೆಲಸ ನಿಲ್ಲಬಾರದು, ಪದರ ಹಾಕುವುದನ್ನು ಅವನಿಗೂ ಕಲಿಸು ಎಂದರು ರೊವೀನಾ. ಕಲಿಸಿದಳು. ನಿರ್ವಾತ ಪೆಟ್ಟಿಗೆ, ಅನಿಲದ ಒತ್ತಡ ಎಲ್ಲವನ್ನೂ ತಾಳ್ಮೆಯಿಂದ ಹೇಳಿದಳು. ಒಂದನ್ನು ಮಾತ್ರ ನುಂಗಿಕೊಂಡಳು. ಶುರುವಿನಲ್ಲಿ ಯಂತ್ರದ ಶಕ್ತಿಯನ್ನು ತೀರ ಕಡಿಮೆ ಇಟ್ಟು ಆಮೇಲೆ ಮೆಲ್ಲಗೆ ಏರಿಸಬೇಕು. ಇಲ್ಲದಿದ್ದರೆ ಸಿಡಿದು ಬರುವ ಕಣಗಳ ಹೊಡೆತಕ್ಕೆ ಕೆಳಗಿನ ಪೆರೊವ್‌ಸ್ಕೈಟ್ ಕೆಟ್ಟುಹೋಗುತ್ತದೆ.

ಡೆಕ್ಲನ್‌ನ ಕೋಶಗಳು ಒಂದರ ಹಿಂದೊಂದು ಸತ್ತವು. ಪ್ರತಿ ಸಲವೂ ಬಂದು, ಎಲ್ಲಿ ತಪ್ಪಿದೆ ಎಂದು ಕೇಳುತ್ತಿದ್ದ.

"ಕೈ ಪಳಗ್ಬೇಕು ಮಾರಾಯ. ನಂಗೇನು ಒಂದೇ ದಿನಕ್ಕೆ ಬಂತಾ?" ಎನ್ನುತ್ತಿದ್ದಳು ಬ್ರಾನ್ವಿನ್.

ಆ ದಿನಗಳಲ್ಲಿ ಅವಳಿಗೆ ಊಟ ರುಚಿಸಿತು, ನಿದ್ದೆ ಚೆನ್ನಾಗಿ ಬಂತು. ನೀನೇ ಹಾಕಿಕೊಡು ಎಂದು ಬೇಡಿಕೊಂಡು ಬರಲಿ ಎಂದು ಕಾದಳು. ಅವನು ಬರುವುದನ್ನೇ ನಿಲ್ಲಿಸಿದ.

ಕೋಶದ ದಕ್ಷತೆಯಲ್ಲಿ ಹೊಸ ದಾಖಲೆ ಮಾಡಿದವರು ಬೆಳಗಿನ ಚಹಾಕ್ಕೆ ಕೇಕ್ ತರಬೇಕೆಂಬುದು ಅಲ್ಲಿನ ರೂಢಿ. ಒಂದು ಶುಕ್ರವಾರ ಡೆಕ್ಲನ್ ತಟ್ಟೆ ತುಂಬ ಲ್ಯಾಮಿಂಗ್ಟನ್ ಕೇಕ್ ಹಿಡಿದು ಬಂದ. ಪೆರೊವ್‌ಸ್ಕೈಟ್ ಮೇಲೆ ಮೊದಲು ತವರದ ಆಕ್ಸೈಡಿನ ತೆಳು ಪೊರೆ ಹಾಸಿದ್ದನಂತೆ, ಹೊಡೆತವನ್ನೆಲ್ಲ ಅದೇ ತಿನ್ನುತ್ತದಂತೆ. ಬ್ರಾನ್ವಿನ್‌ಗೆ ಆ ಉಪಾಯ ಗೊತ್ತಿಲ್ಲದೆ ಇರಲಿಲ್ಲ. ತನ್ನ ಕೈಚಳಕ ಇರುವಾಗ ಅದೇಕೆ ಎಂದು ಮೂಗು ಮುರಿದಿದ್ದಳು.

ಅವನು ಮೊದಲ ತುಂಡನ್ನು ಅವಳಿಗೇ ಕೊಟ್ಟ.

"ನಿನ್ನ ಥರ ಕೈ ನಂಗೆ ಬರಲ್ಲ ಅಂತ ಗೊತ್ತಾಯ್ತು ಕಣೇ. ಬಂದಿದ್ರೆ ಈ ಪೊರೆ ತಂಟೆಗೇ ಹೋಗ್ತಿರ್ಲಿಲ್ಲ. ಈಗ ಯಂತ್ರಾನ ಪೂರ್ತಿ ಜೋರಲ್ಲಿ ಬಿಟ್ರೂ ಏನೂ ಆಗಲ್ಲ. ಪದರ ಯಾರ್ ಬೇಕಾದ್ರೂ ಹಾಕ್ಬಹುದು."

ಇನ್ನು ಮೇಲೆ ಎಲ್ಲರೂ ಹೀಗೇ ಮಾಡಲಿ, ಬ್ರಾನ್ವಿನ್‌ಗೂ ಸ್ವಲ್ಪ ಬಿಡುವು ಸಿಗಲಿ ಎಂದು ರೊವೀನಾ ಅವಳ ಹೆಗಲು ತಟ್ಟಿದರು.

ಅವತ್ತು ಆ ಒಂದು ಮಾತನ್ನು ಹೇಳಿಬಿಟ್ಟಿದ್ದರೆ ಅವನಿನ್ನೂ ತನ್ನ ಶಿಷ್ಯನಾಗಿಯೇ ಇರುತ್ತಿದ್ದ ಎಂದು ಅವಳಿಗೆ ಹೊಳೆದದ್ದು ಆಗ. ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ. ಕೇಕ್ ಚೆನ್ನಾಗಿದೆ ಎಂದಳು.