ಹೊಟ್ಟೆ ಉರಿ ಯಾರ ಮೇಲೆ

ನಮ್ಮದು ಸೋಫಾ ರಿಪೇರಿ ಅಂಗಡಿ. ಅಣ್ಣ ಚೌಕಟ್ಟು ಬಿಚ್ಚಿ, ಸ್ಪ್ರಿಂಗು ಕಟ್ಟಿ, ಮೊಳೆ ಹೊಡೀತಾನೆ. ತಮ್ಮ ಗಿರಾಕಿಗಳ ಹತ್ತಿರ ಮಾತಾಡಿ ಕೆಲಸ ಹಿಡಿದುಕೊಂಡು ಬರ್ತಾನೆ. ನಾನು ಬಟ್ಟೆ ಕತ್ತರಿಸಿ ಕವರು ಹೊಲೀತೀನಿ. ಅಪ್ಪ ಇದ್ದಾಗ ಮಾಡಿಟ್ಟ ಏರ್ಪಾಡು ಇದು, ಮೂವರಲ್ಲಿ ಯಾರು ಕೈ ಎತ್ತಿದರೂ ಕೆಲಸ ಅಲ್ಲಿಗೇ ನಿಂತಿತು ಅಂತಲೇ ಲೆಕ್ಕ. ಅಂಗಡಿ ಒಡೆದರೆ ಅವರಿಬ್ಬರಿಗೆ ತಲೆಗೊಂದು ಅಂಗಡಿ ಆಗುತ್ತೆ. ಮಧ್ಯದವಳಾದ ನನಗೆ ಸಿಗೋದು ಒಂದು ಹೊಲಿಗೆ ಯಂತ್ರ, ಜೊತೆಗೆ ಎರಡೂ ಕಡೆಯಿಂದ ಬೈಗುಳ. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಗಂಟಲು ಜೋರು ಮಾಡಿದ್ದು.

ಅಣ್ಣನಿಗೆ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡು ಕೆಲಸ ಮಾಡೋ ಅಭ್ಯಾಸ. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ, ಟಪ್ ಅಂತ ಬಡೀತಾನೆ. ಹಾಗಾಗಿ ಹಗಲೆಲ್ಲ ಅವನ ಮಾತು ಅಷ್ಟಕ್ಕಷ್ಟೇ. ಸಂಜೆ ಮೊಳೆ ಉಗಿದ ಮೇಲೂ ಮಾತಾಡೋದು ಮರೆತಿರ್ತಾನೆ. ತಮ್ಮನೋ, ಇಬ್ಬರ ಪಾಲಿನ ಮಾತೂ ತಾನೇ ಆಡಿ ಮುಗಿಸ್ತಾನೆ.

ಆ ವರ್ಷ ತಮ್ಮ ಒಂದು ಹಳೇ ಥಿಯೇಟರಿನ ಕುರ್ಚಿಗಳ ಕೆಲಸ ಹಿಡಿದುಕೊಂಡು ಬಂದ. ನಮ್ಮ ಅಂಗಡಿಗೆ ಅಷ್ಟು ದೊಡ್ಡ ಕೆಲಸ ಯಾವತ್ತೂ ಬಂದಿರಲಿಲ್ಲ. ಬೀದಿಯವರೆಲ್ಲ ಬಂದು ಅವನ ಬೆನ್ನು ತಟ್ಟಿದರು, ಅವನೂ ನೆಲಕ್ಕೆ ಕಾಲು ತಾಗಿಸದೆ ಓಡಾಡಿದ. ಅಣ್ಣ ದಿನವಿಡೀ ಆ ಥಿಯೇಟರಿನ ಇಳಿಜಾರಿನಲ್ಲಿ ಬಗ್ಗಿಕೊಂಡು ಕುರ್ಚಿ ಬಿಚ್ಚಿದ. ಕೆಲಸ ಶುರುವಾಗಿ ಸ್ವಲ್ಪ ದಿನಕ್ಕೇ ಅವನ ಮುಖದ ಕಳೆ ಹೋಯಿತು. ತಮ್ಮ ಥಿಯೇಟರಿನ ಸುದ್ದಿ ತೆಗೆದಾಗಲೆಲ್ಲ ಮುಖ ಹಿಂಡಿಕೊಂಡು ಆ ಕಡೆ ತಿರುಗ್ತಿದ್ದ. ತಮ್ಮ ಅದನ್ನು ಗಮನಿಸಿದ, ಆದರೆ ಬಾಯಿಬಿಟ್ಟು ಕೇಳಲಿಲ್ಲ. ಯಾವಾಗ ಮಾತಾಡಬೇಕೋ ಆಗ ಆ ಮಹರಾಯನ ಬಾಯಿಗೆ ಬೀಗ.

ಒಂದು ಮಧ್ಯಾಹ್ನ ಅಂಗಡಿಯ ಫೋನಿಗೆ ಥಿಯೇಟರಿನಿಂದ ಅಣ್ಣನ ದನಿ ಸಂದೇಶ ಬಂತು. ಕಳಿಸಬೇಕಿದ್ದದ್ದು ನನ್ನ ಫೋನಿಗೆ, ಅವನು ಒತ್ತಿದ್ದು ಅಂಗಡಿಯ ನಂಬರು. ಏನೋ ಅಳತೆ ಹೇಳಿರ್ತಾನೆ ಅಂತ ತಮ್ಮ ಎಲ್ಲರಿಗೂ ಕೇಳೋ ಹಾಗೆ ಹಾಕಿದ. ಎದುರಿಗೆ ಇಬ್ಬರು ಗಿರಾಕಿಗಳು ಬೇರೆ. ಹಿಂದುಗಡೆ ಸುತ್ತಿಗೆ ಸದ್ದು, ಅದರ ನಡುವೆ ಅಣ್ಣನ ಗೊಗ್ಗರು ದನಿ:

"ಈ ಥಿಯೇಟರ್ ಕೆಲಸ ಶುರುವಾದಾಗಿಂದ ನಂಗೆ ಹೊಟ್ಟೆ ಉರಿ ಕಣೇ. ತಡ್ಕೊಳ್ಳಕ್ಕೇ ಆಗ್ತಿಲ್ಲ. ಅವನಿಗೆ ಮಾತ್ರ ಹೇಳ್ಬೇಡ."

ತಮ್ಮನ ಮುಖದಲ್ಲಿ ರಕ್ತ ಇಂಗಿಹೋಯಿತು. ಗಿರಾಕಿಗಳು ಬಟ್ಟೆಯ ಬಣ್ಣ ನೋಡೋ ಹಾಗೆ ನಟಿಸಿದರು. ಎದೆ ಉರಿ ಅಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ತಿರಲಿಲ್ಲ. ಗ್ಯಾಸು ಅಂದಿದ್ದರಂತೂ ಕೇಳೋದೇ ಬೇಡ, ನಮ್ಮ ಮನೆಯಲ್ಲಿ ತಲೆನೋವಿನಿಂದ ಮಂಡಿನೋವಿನವರೆಗೆ ಎಲ್ಲದಕ್ಕೂ ಗ್ಯಾಸೇ ಕಾರಣ. ಆದರೆ ಅಣ್ಣ ಅಳತೆ ಹಿಡಿದು ಬದುಕೋ ಮನುಷ್ಯ. ಉರೀತಿರೋದು ಎದೆಯಲ್ಲಲ್ಲ, ಅದರ ಕೆಳಗೆ, ಹೊಟ್ಟೆಯಲ್ಲಿ. ಆದ್ದರಿಂದ ಅವನು ಅದನ್ನು ಹೊಟ್ಟೆ ಉರಿ ಅಂದ, ಕೇಳಿದವರು ಲೋಕವೆಲ್ಲ ತಿಳಿದುಕೊಳ್ಳೋ ಹಾಗೇ ತಿಳಿದುಕೊಂಡರು.

ಸಂಜೆ ಅಣ್ಣ ಬಂದಾಗ ತಮ್ಮ ಮುಖ ಗಂಟು ಹಾಕಿಕೊಂಡು ಕೂತಿದ್ದ. ನಾನು ಮೇಲೆ ಬಂದದ್ದಕ್ಕೆ ನಿನಗೆ ಇಷ್ಟು ಸಂಕಟವಾ, ಒಡಹುಟ್ಟಿದವನ ಏಳಿಗೆ ನೋಡಿ ಉರ್ಕೊಳ್ಳೋನು ಅಣ್ಣನಾ, ಅಂತೆಲ್ಲ ಬಾಯಿಗೆ ಬಂದದ್ದು ಅಂದ. ಅಣ್ಣ ಪಿಳಿಪಿಳಿ ಕಣ್ಣು ಬಿಟ್ಟು ನಿಂತ. ಹೊಟ್ಟೆನೋವಿನ ವಿಷಯ ಅದು ಅಂತ ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗೀತಿತ್ತು. ಆದರೆ ಅವನಿಗೆ ಅವಮಾನ ಆಗಿತ್ತು. ಈಗ ಹೊಟ್ಟೆನೋವು ಅಂದರೆ ಸಿಕ್ಕಿಬಿದ್ದ ಮೇಲೆ ನೆವ ಹೇಳ್ತಾನೆ ಅಂದುಕೊಳ್ತಾರೆ ಅನ್ನೋದು ಅವನ ಲೆಕ್ಕ. ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಕೂತುಬಿಟ್ಟ. ಥಿಯೇಟರಿನ ಕೆಲಸ ಮುಗಿದ ಕೂಡಲೇ ಪಕ್ಕದ ಬೀದಿಯಲ್ಲಿ ಬೇರೆ ಅಂಗಡಿ ಮಾಡ್ತೀನಿ ಅಂತ ತಮ್ಮ ಹೇಳಿದ.

ನನಗೆ ತಲೆ ಚಿಟ್ಟು ಹಿಡಿದು ಹೋಯಿತು. ಇಬ್ಬರನ್ನೂ ಕಾಡಿದೆ, ಬೈದೆ, ಅತ್ತೆ. ತಮ್ಮ ಜಾಗ ನೋಡೋಕೆ ಹೋದ, ಅಣ್ಣ ಟಪ್ ಟಪ್ ಅಂತ ಬಡೀತಾ ಇದ್ದ. ಆದರೆ ಅಣ್ಣನ ಜೊತೆ ಒಂದೇ ಸೂರಿನಡಿ ಕೆಲಸ ಮಾಡೋ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಅವನ ಜೇಬಿನಲ್ಲಿ ಸದಾ ಬಿಸ್ಕತ್ತು. ಖಾಲಿ ಹೊಟ್ಟೆಯಾದರೆ ಹಲ್ಲು ಕಚ್ಚಿಕೊಂಡು ಹೊಟ್ಟೆಗೆ ಮುಷ್ಟಿ ಒತ್ತಿ ಹಿಡೀತಾನೆ, ಎರಡು ಬಿಸ್ಕತ್ತು ತಿಂದರೆ ಸ್ವಲ್ಪ ಹೊತ್ತು ಮುಖ ಸಡಿಲ ಆಗುತ್ತೆ, ಆಮೇಲೆ ಮತ್ತೆ ಅದೇ ಕಥೆ. ತಮ್ಮನ ಮೇಲಿನ ಅಸೂಯೆ ಬಿಸ್ಕತ್ತಿಗೆ ಇಳಿಯುತ್ತಾ? ನನ್ನ ತಲೆಗೆ ಮೊದಲು ಹೊಳೆದದ್ದು ಇವನು ಮೊಳೆ ನುಂಗಿದಾನೆ ಅಂತ.

ಅತ್ತಿಗೆಯನ್ನು ಹಿಡಿದು ಕೇಳಿದೆ. ಅತ್ತಿಗೆ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, ರಾತ್ರಿ ಎದ್ದು ಕೂತು ತಣ್ಣಗಿನ ಹಾಲು ಕುಡೀತಾರೆ ಅಂದರು. ಬೆನ್ನುನೋವಿಗೆ ಅಂತ ಔಷಧಿ ಅಂಗಡಿಯಿಂದ ತಂದ ಮಾತ್ರೆಗಳನ್ನು ಬೆಳಗ್ಗೆ ಬರೀ ಹೊಟ್ಟೆಯಲ್ಲೇ ನುಂಗಿ ಥಿಯೇಟರಿಗೆ ಹೋಗ್ತಾರಂತೆ. ಕೊನೆಗೆ ನಾಚಿಕೊಂಡು, ನಿನ್ನೆಯಿಂದ ಕಕ್ಕಸು ಡಾಂಬರಿನ ಹಾಗೆ ಕಪ್ಪಗೆ ಹೋಗ್ತಿದೆಯಂತೆ ಕಣಮ್ಮ, ಮೆಟ್ಟಿಲು ಹತ್ತುವಾಗ ತಲೆ ಸುತ್ತುತ್ತಂತೆ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾರೆ ಅಂದರು. ಅಣ್ಣ ಇಲ್ಲದ ಅಂಗಡಿ ಒಂದಾದರೆಷ್ಟು ಎರಡಾದರೆಷ್ಟು.

ಆವತ್ತೇ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಬಾಯಿಂದ ಮೊಳೆ ಉಗಿಸಿ, ಹೊಟ್ಟೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ತೆಳ್ಳಗಿನ ಹೆಂಗಸು, ಕನ್ನಡಕದ ಮೇಲಿಂದ ನೋಡ್ತಾರೆ. ಏನು ತೊಂದರೆ ಅಂತ ಕೇಳಿದರು. ಅಣ್ಣ ನೆಲ ನೋಡಿಕೊಂಡು ಕೂತ. ನಾನು ತಿವಿದೆ. ಕೊನೆಗೆ ಕಳ್ಳತನ ಒಪ್ಪಿಕೊಳ್ಳೋನ ಹಾಗೆ ಹೊಟ್ಟೆ ಉರಿ ಅಂದ.

"ಯಾವಾಗಿಂದ?"

"ನಂಗೆ ಯಾರ ಮೇಲೂ ಇಲ್ಲ ಡಾಕ್ಟ್ರೇ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಇಡೀ ಪುರಾಣ ಹೇಳಬೇಕಾಯಿತು. ಕೇಳಿ ಆಕೆಗೆ ನಗು ತಡೆಯೋಕೆ ಆಗಲಿಲ್ಲ. ಆದರೆ ಕಪ್ಪು ಮಲದ ಮಾತು ಬಂದ ಕೂಡಲೇ ಆ ನಗು ನಿಂತಿತು. ಎಲ್ಲಿ ಉರೀತದೆ, ಒಂದೇ ಬೆರಳಿಟ್ಟು ತೋರಿಸಿ ಅಂದರು. ಊಟದ ಮೇಲೆ ಹೆಚ್ಚಾ ಕಮ್ಮಿಯಾ, ವಾಂತಿ ಆಗಿದೆಯಾ, ತೂಕ ಇಳಿದಿದೆಯಾ, ಯಾವ ಮಾತ್ರೆ, ಎಷ್ಟು ದಿನದಿಂದ, ಎಲ್ಲ ಬಿಡಿಸಿ ಬಿಡಿಸಿ ಕೇಳಿದರು. ಆಮೇಲೆ ಹಾಸಿಗೆ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ತೆಗೆಸಿದರು. ಬರೀ ಉರಿ ಇದ್ದು, ಬೇರೆ ಕೆಟ್ಟ ಲಕ್ಷಣ ಏನೂ ಇಲ್ಲದಿದ್ದರೆ ಮೊದಲು ಮಾತ್ರೆ ಕೊಟ್ಟು ನೋಡ್ತಿದ್ದೆ, ಆದರೆ ಮಲ ಕಪ್ಪಗೆ ಹೋಗಿದೆ ಅಂದರೆ ಒಳಗೆ ರಕ್ತ ಸೋರಿದೆ, ಕಾಯೋ ಹಾಗಿಲ್ಲ, ಇವತ್ತು ಇಲ್ಲೇ ಇರಿ, ಬೆಳಗ್ಗೆ ಬಾಯಿಂದ ಕೊಳವೆ ಇಳಿಸಿ ನೋಡ್ತೀನಿ ಅಂದರು. ಮೊಳೆ ನುಂಗಿದಾನಾ ಅಂತ ನಾನು ಕೇಳಿದೆ. ಅದನ್ನೂ ನೋಡೋಣ ಅಂದರು.

ಅತ್ತಿಗೆ ರಾತ್ರಿ ಅಣ್ಣನ ಜೊತೆ ಉಳಿದರು. ನಾನು ತಮ್ಮನಿಗೆ ಫೋನ್ ಮಾಡಿ, ಅಣ್ಣನ ಹೊಟ್ಟೆ ಒಳಗೆ ರಕ್ತ ಸೋರ್ತಿದೆ, ಬೆಳಗ್ಗೆ ಬಂದರೆ ಬಾ, ಬಾರದೆ ಇದ್ದರೆ ನಿನ್ನ ಹೊಸ ಅಂಗಡಿಗೆ ಕವರು ಹೊಲಿಯೋಕೆ ನನ್ನನ್ನು ಕರೀಬೇಡ ಅಂದೆ. ಬೆಳಗ್ಗೆ ನಾನು ಹೋಗೋದರೊಳಗೆ ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಗಡ್ಡ ಕೂಡ ಬೋಳಿಸಿರಲಿಲ್ಲ.

ಅಣ್ಣನ ಗಂಟಲಿಗೆ ಮರಗಟ್ಟಿಸೋ ಔಷಧಿ ಸಿಂಪಡಿಸಿದರು. ಬಾಯಿಗೆ ಒಂದು ಪ್ಲಾಸ್ಟಿಕ್ ಬಳೆ ಕಚ್ಚಿಸಿ, ಎಡಮಗ್ಗುಲಿಗೆ ಮಲಗಿಸಿ, ಕಿರುಬೆರಳು ದಪ್ಪದ ಕೊಳವೆ ಇಳಿಸಿದರು. ಅದರ ತುದಿಯಲ್ಲಿ ದೀಪ, ಕ್ಯಾಮೆರಾ. ಜೀವನವಿಡೀ ಬಾಯಲ್ಲಿ ಮೊಳೆ ತುಂಬಿಕೊಂಡಿದ್ದವನಿಗೆ ಅದೊಂದು ದೊಡ್ಡ ವಿಷಯ ಆಗಲಿಲ್ಲ, ಒಂದೆರಡು ಸಲ ಓಕರಿಸಿ ಸುಮ್ಮನಾದನಂತೆ. ನಾವು ಹೊರಗೆ ಕೂತು ಎದುರಿಗಿನ ಕುರ್ಚಿಗಳ ಹರಿದ ರೆಕ್ಸಿನ್ ನೋಡ್ತಿದ್ದೆವು. ಬೇರೆ ದಿನವಾಗಿದ್ದರೆ ತಮ್ಮ ಅಲ್ಲೇ ಆಸ್ಪತ್ರೆಯವರ ಜೊತೆ ದರ ಮಾತಾಡ್ತಿದ್ದ. ಆವತ್ತು ಉಗುರು ಕಚ್ಚಿಕೊಂಡು ಕೂತಿದ್ದ.

ಮುಗಿದ ಮೇಲೆ ಡಾಕ್ಟರು ನಮ್ಮನ್ನು ಒಳಗೆ ಕರೆದು ಪರದೆಯ ಮೇಲೆ ಚಿತ್ರ ತೋರಿಸಿದರು. ಗುಲಾಬಿ ಬಣ್ಣದ ಗೋಡೆ, ಅದರಲ್ಲೊಂದು ಬಿಳೀ ತಳದ ಗುಳಿ, ಸುತ್ತ ಕೆಂಪು. ಜಠರ ಮುಗಿದು ಸಣ್ಣ ಕರುಳು ಶುರುವಾಗೋ ಜಾಗ ಇದು, ಇದೇ ನೋಡಿ ನಿಮ್ಮಣ್ಣನ ಹೊಟ್ಟೆ ಉರಿ ಅಂದರು. ಹುಣ್ಣು. ಜನ ನಕ್ಕು ನಕ್ಕು ಹೊಟ್ಟೆ ಹುಣ್ಣು ಮಾಡಿಕೊಳ್ತಾರೆ, ನಗದೆ ಮಾಡಿಕೊಂಡವನು ನಮ್ಮಣ್ಣ ಒಬ್ಬನೇ. ಸದ್ಯ, ರಕ್ತ ತಾನಾಗೇ ನಿಂತಿತ್ತು. ಮೊಳೆ ಯಾವುದೂ ಸಿಗಲಿಲ್ಲ.

ಜಠರದಿಂದ ಚೂರು ತೆಗೆದು ಒಂದು ಹಳದಿ ಬಿಲ್ಲೆಯಲ್ಲಿ ಹಾಕಿಟ್ಟಿದ್ದರು. ನಾವು ನೋಡ್ತಾ ಇದ್ದ ಹಾಗೇ ಹಳದಿ ಗುಲಾಬಿಗೆ ತಿರುಗಿತು. ನನಗೆ ಬಟ್ಟೆಯ ಬಣ್ಣವಾದರೆ ಗೊತ್ತು, ಇದರ ಅರ್ಥ ಆಕೆಯೇ ಹೇಳಬೇಕಾಯಿತು. ಹೊಟ್ಟೆಯ ಹುಳಿಯಲ್ಲೂ ಸಾಯದ ಒಂದು ಬ್ಯಾಕ್ಟೀರಿಯಾ ಇದೆಯಂತೆ, ಅದು ಇದ್ದರೆ ಬಿಲ್ಲೆ ಗುಲಾಬಿ ಆಗುತ್ತಂತೆ, ಎಷ್ಟೋ ಜನರ ಹೊಟ್ಟೆಯಲ್ಲಿ ಚಿಕ್ಕಂದಿನಿಂದ ಸುಮ್ಮನೆ ಕೂತಿರುತ್ತಂತೆ. ಅದು ಒಳಪದರವನ್ನು ಬಡವಾಗಿಸಿತ್ತು, ಮೇಲಿಂದ ಬೆನ್ನುನೋವಿನ ಮಾತ್ರೆ ಬಿದ್ದು ಗುಳಿ ತೋಡಿತು. ಹುಳಿ ತಗ್ಗಿಸೋ ಮಾತ್ರೆ, ಜೊತೆಗೆ ಬ್ಯಾಕ್ಟೀರಿಯಾ ಕೊಲ್ಲೋ ಎರಡು ಮಾತ್ರೆ, ಎರಡು ವಾರ, ಒಂದು ಹೊತ್ತೂ ತಪ್ಪಿಸಬಾರದು. ವಾಸಿ ಅನ್ನಿಸಿತು ಅಂತ ಮಧ್ಯದಲ್ಲಿ ನಿಲ್ಲಿಸಿದರೆ ಅದು ಮತ್ತೆ ತಲೆ ಎತ್ತುತ್ತೆ. ಅದೆಲ್ಲ ಆಗಿ ಒಂದೆರಡು ತಿಂಗಳಿಗೆ ಒಂದು ಚೀಲಕ್ಕೆ ಉಸಿರು ಊದಿಸಿ, ಬ್ಯಾಕ್ಟೀರಿಯಾ ಹೋಗಿದೆಯಾ ಅಂತ ನೋಡ್ತಾರಂತೆ. ರಕ್ತ ತುಂಬಿಕೊಳ್ಳೋಕೆ ಕಬ್ಬಿಣದ ಮಾತ್ರೆ. ಬೆನ್ನುನೋವಿನ ಆ ಮಾತ್ರೆಯನ್ನು ಇನ್ನು ಮುಟ್ಟೋ ಹಾಗೇ ಇಲ್ಲ.

"ಬಗ್ಗಿ ಮಾಡೋ ಕೆಲಸ ಇತ್ತಾ ಇತ್ತೀಚೆಗೆ?" ಅಂತ ಡಾಕ್ಟರು ಕೇಳಿದರು.

ಥಿಯೇಟರ್ ಕುರ್ಚಿಗಳು ಅಂತ ನಾನು ಹೇಳಿದೆ. ಅತ್ತಿಗೆ ಅಲ್ಲಿಯವರೆಗೆ ಸುಮ್ಮನಿದ್ದವರು ಆಗ ಬಾಯಿಬಿಟ್ಟರು. ಬೆನ್ನು ಹಿಡಿದುಕೊಂಡಿದೆ, ಮೈದುನನಿಗೆ ಹೇಳಿ ಅಂತ ನಾನು ಎಷ್ಟೋ ಸಲ ಅಂದೆ, ಇವರು ಕೇಳಲಿಲ್ಲ. ಹೇಳಿದರೆ ತಮ್ಮ ನನ್ನ ಮುಖ ನೋಡಿ ಕೆಲಸ ವಾಪಸ್ ಕೊಟ್ಟುಬಿಡ್ತಾನೆ, ಮೊದಲ ಸಲ ಇಷ್ಟು ದೊಡ್ಡದು ಹಿಡಿದಿದಾನೆ, ನನ್ನಿಂದ ಕೈತಪ್ಪಬಾರದು, ಅಂತಿದ್ದರು ಡಾಕ್ಟ್ರೇ. ಅತ್ತಿಗೆ ಡಾಕ್ಟರನ್ನು ನೋಡಿಕೊಂಡೇ ಹೇಳಿದರು, ತಮ್ಮನ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ಅವನಿಗೆ ಅಷ್ಟು ನೋವಾಗ್ತಿರಲಿಲ್ಲವೇನೋ.

ತಮ್ಮ ಏನಾದರೂ ಮಾತಾಡಬೇಕಲ್ಲ ಅಂತ, ನನಗೂ ರಾತ್ರಿ ಮಲಗಿದಾಗ ಎದೆ ಉರಿ ಬರುತ್ತೆ, ಹುಳಿ ಗಂಟಲಿಗೆ ಬರುತ್ತೆ, ನನಗೂ ಕೊಳವೆ ಹಾಕ್ತೀರಾ ಅಂತ ಡಾಕ್ಟರನ್ನು ಕೇಳಿದ. ಎಷ್ಟು ಹೊತ್ತಿಗೆ ಊಟ ಅಂದರು. ಹತ್ತೂವರೆ, ಊಟ ಆದ ಕೂಡಲೇ ಹಾಸಿಗೆ ಅಂದ. ನಿಮ್ಮದು ಬೇರೆ ರಾಗ, ಊಟ ಬೇಗ ಮಾಡಿ, ಮಲಗೋಕೆ ಮುಂಚೆ ಎರಡು ಮೂರು ಗಂಟೆ ಬಿಡಿ, ಹಾಸಿಗೆಯ ತಲೆಕಡೆ ಸ್ವಲ್ಪ ಎತ್ತರಿಸಿ, ಒಂದು ತಿಂಗಳಲ್ಲಿ ಕಮ್ಮಿಯಾಗದಿದ್ದರೆ ಬನ್ನಿ ಅಂದರು. ಊಟದ ನಡುವೆ ಮಾತು ಕಮ್ಮಿ ಮಾಡಿದರೂ ಒಳ್ಳೇದು ಅಂತ ನಾನು ಸೇರಿಸಿದೆ. ಯಾರೂ ನಗಲಿಲ್ಲ, ನನಗೂ ನಗೋ ಮನಸ್ಸಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಗಂಟಲು ಮರಗಟ್ಟಿದ್ದು ಆಗ ತಾನೇ ಬಿಡ್ತಿತ್ತು. ನಮ್ಮನ್ನು ಕಂಡವನೇ ಥಿಯೇಟರಿನ ಕೊನೇ ಸಾಲು ಬಾಕಿ ಇದೆ ಅಂತ ಏನೋ ತೊದಲಿದ. ತಮ್ಮ ಹೋಗಿ ಮಂಚದ ತುದಿಯಲ್ಲಿ ಕೂತ. ಗಿರಾಕಿಗಳನ್ನು ಮಾತಲ್ಲೇ ಬೀಳಿಸೋ ನನ್ನ ತಮ್ಮನಿಗೆ ಆವತ್ತು ಒಂದು ವಾಕ್ಯ ಹೊರಗೆ ಬರೋಕೆ ಎಷ್ಟು ಹೊತ್ತು ಹಿಡಿಯಿತು ಅಂದರೆ, ನಾನು ಸೆರಗಿನಿಂದ ಎರಡು ಸಲ ಕಣ್ಣೊರೆಸಿಕೊಂಡೆ.

"ನಂದು ತಪ್ಪಾಯ್ತು ಅಣ್ಣ," ಅಂದ. "ಹೊಟ್ಟೆಗೆ ಹಾಕ್ಕೋ."

ಅಣ್ಣ ಅವನ ಮುಖವನ್ನೇ ನೋಡಿದ. ಆಮೇಲೆ ಅವನ ತಲೆ ಮೇಲೆ ಕೈಯಿಟ್ಟು, ಆ ಗೊಗ್ಗರು ದನಿಯಲ್ಲೇ ಕೇಳಿದ:

"ಊಟಕ್ಕೆ ಮುಂಚೆನೋ, ಆಮೇಲೋ?"