ಭಾವನ ಟ್ಯಾಂಕು, ನನ್ನ ಮೂಗು

ನಮ್ಮ ಭಾವನಿಗೆ ಮೂಗು ಇರುವುದು ಕನ್ನಡಕ ನಿಲ್ಲಿಸಿಕೊಳ್ಳುವುದಕ್ಕೆ ಎಂದು ನಾನು ಹೇಳುವುದುಂಟು. ಪೂರ್ತಿ ನಿಜವಲ್ಲ. ಹಾಲು ಸೀದರೆ, ಈರುಳ್ಳಿ ಕೊಳೆತರೆ ಅವರಿಗೆ ಎಲ್ಲರಂತೆ ಗೊತ್ತಾಗುತ್ತದೆ. ಗೊತ್ತಾಗದೆ ಇರುವುದು ಕ್ಲೋರಿನ್ ಒಂದೇ. ಮೂವತ್ತೊಂದು ವರ್ಷ ಊರಿನ ಈಜುಕೊಳ ನೋಡಿಕೊಂಡ ಮನುಷ್ಯ. ದಿನಾ ಬೆಳಿಗ್ಗೆ ಆ ಡಬ್ಬದ ಮುಚ್ಚಳ ತೆಗೆದೂ ತೆಗೆದೂ, ಈಗ ಡಬ್ಬವನ್ನೇ ಮುಖಕ್ಕೆ ಹಿಡಿದರೂ ಮಳೆನೀರು ಎನ್ನುತ್ತಾರೆ.

ನಮ್ಮಕ್ಕ ಹಾಗಲ್ಲ. ಸಂಜೆ ಭಾವ ಗೇಟು ತೆಗೆಯುವುದೇ ತಡ, ಅಡುಗೆಮನೆಯಲ್ಲಿ ನಿಂತೇ ಮೂಗು ಮುಚ್ಚಿಕೊಂಡು, "ಬಂತು ನೋಡಿ ಈಜುಕೊಳ, ಮೊದ್ಲು ಸ್ನಾನಕ್ಕೆ ನಡೀರಿ" ಅನ್ನುತ್ತಿದ್ದಳು. ಭಾವ ನಗುತ್ತಾ ಬಚ್ಚಲಿಗೆ ಹೋಗುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಇದು ಒಂದು ದಿನ ತಪ್ಪಿದ್ದು ನನಗೆ ನೆನಪಿಲ್ಲ.

ಬೇಸಿಗೆ ಬಂದರೆ ಊರಿಗೆಲ್ಲ ರಜಾ, ಕೊಳಕ್ಕೆ ಸುಗ್ಗಿ. ಹಾಗಾಗಿ ಭಾವ ಅಕ್ಕನನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ತಲೆಗೂದಲು ಬೆಳ್ಳಗಾಯಿತು. ನಿವೃತ್ತಿಯಾದ ತಿಂಗಳಿಗೇ ಒಂದು ಹಳೆಯ ಕ್ಯಾಂಪರ್ ವ್ಯಾನು ತಂದು ಮನೆ ಮುಂದೆ ನಿಲ್ಲಿಸಿದರು. ಒಳಗೆ ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ, ಅಂಗೈಯಗಲದ ಸಿಂಕು, ಹಿಂದಿನ ಬೆಂಚಿನ ಕೆಳಗೆ ಎಂಬತ್ತು ಲೀಟರಿನ ನೀರಿನ ಟ್ಯಾಂಕು. ಮೂರು ವಾರ ಸಮುದ್ರದ ಪಕ್ಕದಲ್ಲೇ ಹೋಗೋಣ ಎಂದರು. ಅಕ್ಕ ಒಳಗೆ ಹತ್ತಿ ನಲ್ಲಿ ತಿರುಗಿಸಿದಳು.

ಎರಡು ವರ್ಷ ಶೆಡ್ಡಿನಲ್ಲಿ ನಿಂತ ಗಾಡಿ. ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಹಸಿರು ಬಣ್ಣದ ಏನನ್ನೋ ಉಗುಳಿತು. ಕಪ್ಪೆಗಳು ಸಂಸಾರ ಹೂಡಿದ್ದವೇನೋ ಅನ್ನುವಂಥ ವಾಸನೆ. ಅಕ್ಕ ಇಳಿದು ಬಂದು ಶರತ್ತು ಹಾಕಿದಳು. ಈ ಗಾಡಿಯ ನೀರಲ್ಲಿ ಕಪ್ಪೆ ವಾಸನೆಯೂ ಇರಕೂಡದು, ಕೊಳದ ವಾಸನೆಯೂ ಇರಕೂಡದು, ಎರಡರಲ್ಲಿ ಒಂದು ಬಂದರೂ ತಾನು ಹತ್ತುವುದಿಲ್ಲ.

ಭಾವ ಇಕ್ಕಟ್ಟಿಗೆ ಸಿಕ್ಕಿಬಿದ್ದರು. ಮೊದಲನೆಯದು ಹೋಗಬೇಕಾದರೆ ಎರಡನೆಯದು ಬರಲೇಬೇಕು. ಎರಡನೆಯದು ಹೋಗಿದೆಯೋ ಇಲ್ಲವೋ ಹೇಳುವ ಮೂಗು ಅವರ ಹತ್ತಿರ ಇಲ್ಲ. ಹಾಗಾಗಿ ಶನಿವಾರ ನನ್ನ ಬೇಕರಿಗೆ ಬಂದು, ಬ್ರೆಡ್ಡಿನ ತಟ್ಟೆಗಳ ನಡುವೆ ನಿಂತು, ಎರಡು ದಿನದ ಮಟ್ಟಿಗೆ ನಿನ್ನ ಮೂಗು ಕೊಡು ಎಂದು ಕೇಳಿದರು. ನಾನು ಹಿಟ್ಟು ಹುಳಿ ಬಂದಿದ್ದನ್ನು ಬಾಗಿಲಲ್ಲೇ ಹೇಳುವವನು. ಆದರೆ ವಾರಕ್ಕೆ ಸಿಗುವುದು ಒಂದು ಭಾನುವಾರ, ಅದನ್ನು ಟ್ಯಾಂಕಿಗೆ ತಲೆ ತೂರಿಸಿ ಕಳೆಯಲು ನನಗೇನು ಹುಚ್ಚೇ? ಹಾಗೆಂದು ಹೇಳುವವನಿದ್ದೆ. ಅಷ್ಟರಲ್ಲಿ ಭಾವ ಮೆಲ್ಲಗೆ ಅಂದರು: "ಅವಳು ಸಮುದ್ರಾನೇ ನೋಡಿಲ್ಲ ಕಣೋ. ನನ್ನಿಂದಾಗಿ."

ಅಂಗಡಿ ಮುಚ್ಚಿ ಹೋದೆ.

ಹಳೆಯ ನೀರೆಲ್ಲ ಕೆಳಗಿನ ಬಿರಡೆ ತೆಗೆದು ಹೊರಗೆ ಬಿಟ್ಟೆವು. ಟ್ಯಾಂಕಿನ ಮೇಲ್ಬಾಯಿಯೊಳಗೆ ಉದ್ದ ಹಿಡಿಯ ಬ್ರಷ್ಷು ಬಿಟ್ಟು ಗೋಡೆಯ ಲೋಳೆಯನ್ನು ತಿಕ್ಕಿ ತೆಗೆದೆ. ಭಾವ ಹೇಳುತ್ತಾ ಹೋದರು, ನಾನು ತಿಕ್ಕುತ್ತಾ ಹೋದೆ. ಇನ್ನು ಬ್ಲೀಚ್, ಅಂದರೆ ಅದೇ ಕ್ಲೋರಿನ್ ನೀರು ಹಾಕುವುದು. ಎಂಬತ್ತು ಲೀಟರಿಗೆ ಒಂದು ಸಣ್ಣ ಲೋಟ ಸಾಕು. ಆದರೆ ಅದು ಆರು ಲಕ್ಷ ಲೀಟರಿನ ಕೊಳಕ್ಕೆ ಬಕೆಟ್‌ಗಟ್ಟಲೆ ಸುರಿದು ಪಳಗಿದ ಕೈ. ಬಾಯಲ್ಲಿ ಒಂದು ಲೋಟ ಎನ್ನುತ್ತಲೇ ಅರ್ಧ ಕ್ಯಾನು ಬಗ್ಗಿಸಿಬಿಟ್ಟರು. ನನ್ನ ಕಣ್ಣಲ್ಲಿ ದಳದಳ ನೀರು. ಭಾವ ಮೂಸಿ ನೋಡಿ, ಇನ್ನೊಂಚೂರು ಬೇಕೇನೋ ಎಂದರು. ನಾನು ಕ್ಯಾನು ಕಿತ್ತುಕೊಂಡೆ.

ವಾಸನೆ ಹೋಗಲು ಸ್ವಲ್ಪ ವಿನೆಗರ್ ಸುರಿದರೆ ಹೇಗೆ ಎಂದು ಕೇಳಿದ್ದಕ್ಕೆ ಮಾತ್ರ ಭಾವ ನಿಜವಾಗಿ ಸಿಟ್ಟಾದರು. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ, ಬ್ರೆಡ್ ಮಾಡುವವರು ಬ್ರೆಡ್ ಮಾಡಬೇಕು ಎಂದು ಬಯ್ದರು. ಆಮೇಲೆ ಟ್ಯಾಂಕು ತುಂಬಿಸಿ, ತಣ್ಣೀರು, ಬಿಸಿನೀರು ಎರಡೂ ನಲ್ಲಿಗಳಲ್ಲಿ ಬ್ಲೀಚಿನ ನೀರು ಬರುವ ತನಕ ಬಿಟ್ಟು, ನಿಲ್ಲಿಸಿ, ಮರುದಿನದವರೆಗೆ ಹಾಗೇ ಇಟ್ಟೆವು.

ಭಾನುವಾರ ಬೆಳಿಗ್ಗೆ ಖಾಲಿ ಮಾಡಿ ತೊಳೆದೆವು. ತುಂಬಿಸುವುದು, ಭಾವ ಗಾಡಿಯನ್ನು ಹಿಂದೆ ಮುಂದೆ ಓಡಿಸಿ ನೀರು ಕುಲುಕುವುದು, ಬಿಡುವುದು. ಪ್ರತಿ ಸಲವೂ ಭಾವ ಲೋಟ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆ ಬರೆದ ಮಗುವಿನ ಹಾಗೆ. ವಾಸನೆ ಇನ್ನೂ ಇದೆ ಎನ್ನುತ್ತಿದ್ದೆ. ನಾಲ್ಕನೆಯ ಸಲ ಕಪ್ಪೆಯೂ ಇಲ್ಲ, ಕೊಳವೂ ಇಲ್ಲ. ಪಾಸು ಎಂದೆ. ಭಾವ ನನ್ನ ಒದ್ದೆ ತಲೆ ಸವರಿ, ಅಕ್ಕನನ್ನು ಗಾಡಿಯೊಳಗೆ ಚಹಾಕ್ಕೆ ಕರೆಯಲು ಓಡಿದರು.

ನಮ್ಮ ತಪ್ಪು ಎಲ್ಲಿತ್ತೆಂದರೆ ಬಿಸಿನೀರಿನ ಪುಟ್ಟ ಗೀಸರಿನಲ್ಲಿ. ಟ್ಯಾಂಕು ನಾಲ್ಕು ಸಲ ತೊಳೆದ ನಾವು ಗೀಸರನ್ನು ಖಾಲಿ ಮಾಡಿರಲಿಲ್ಲ, ತೊಳೆಯುವಾಗ ಬಿಸಿನೀರಿನ ನಲ್ಲಿಯನ್ನು ತಿರುಗಿಸಿಯೂ ಇರಲಿಲ್ಲ. ಕೊಳಕ್ಕೆ ಗೀಸರು ಎಲ್ಲಿಂದ ಬರಬೇಕು, ಭಾವನಿಗೆ ಅದು ಹೊಳೆಯುವುದಾದರೂ ಹೇಗೆ? ನಿನ್ನೆಯ ಹತ್ತು ಲೀಟರು ಬ್ಲೀಚಿನ ನೀರು ಅಲ್ಲೇ ಬೆಚ್ಚಗೆ ಕೂತಿತ್ತು. ಗ್ಯಾಸ್ ಉಳಿಯಲಿ ಎಂದು ಭಾವ ಚಹಾಕ್ಕೆ ನೀರು ಹಿಡಿದಿದ್ದು ಅದೇ ನಲ್ಲಿಯಿಂದ.

ಲೋಟ ತುಟಿಗೆ ಹೋಗುವ ಮೊದಲೇ ನನ್ನ ಮೂಗಿಗೆ ಹೊಡೆಯಿತು. ಮುಗಿಯಿತು ಪ್ರವಾಸ, ಸಮುದ್ರ, ಭಾವನ ಮುಖದ ಕಳೆ, ಎಲ್ಲ ಮುಗಿಯಿತು ಎಂದುಕೊಂಡು ಅಕ್ಕನ ಕಡೆ ನೋಡಿದೆ. ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಏನೂ ವಾಸನೆ ಇಲ್ಲ ಕಣ್ರೀ," ಎಂದಳು. "ಚೆನ್ನಾಗಿದೆ."

ಭಾವನೂ ಒಂದು ಗುಟುಕು ಹಾಕಿ ಚೆನ್ನಾಗಿದೆ ಎಂದರು. ಬಾಯಿ ಬಿಟ್ಟರೆ ಪ್ರವಾಸ ಹೋಗುತ್ತದೆ, ಬಿಡದಿದ್ದರೆ ಇವರಿಬ್ಬರ ಹೊಟ್ಟೆ ಹೋಗುತ್ತದೆ. ಕೊನೆಗೆ ಸಕ್ಕರೆ ಬೇಕೆಂದು ಎದ್ದವನ ಹಾಗೆ ಎದ್ದು, ಮೊಣಕೈಯಿಂದ ಗಾಡಿಯ ಮಡಿಸುವ ಮೇಜಿಗೆ ಒಂದು ಬಿಟ್ಟೆ. ಪಾತ್ರೆ, ಮೂರು ಲೋಟ, ಎಲ್ಲ ನೆಲಕ್ಕೆ. ಐವತ್ತು ವರ್ಷವಾದರೂ ಕೈಕಾಲು ನೆಟ್ಟಗಿಲ್ಲ ಎಂದು ಅಕ್ಕ ಬಯ್ದಳು. ಭಾವ ನೆಲ ಒರೆಸುವ ಬಟ್ಟೆ ತರಲು ಮನೆಯೊಳಗೆ ಹೋದರು.

ಅವರು ಹೋದದ್ದೇ ನಾನು ಅಕ್ಕನನ್ನು ಹಿಡಿದುಕೊಂಡೆ. ನಿಜ ಹೇಳು, ಆ ಚಹಾದಲ್ಲಿ ನಿನಗೆ ಏನೂ ವಾಸನೆ ಬರಲಿಲ್ಲವೇ ಎಂದು ಕೇಳಿದೆ. ಅಕ್ಕ ಕಿಟಕಿಯಿಂದ ಮನೆಬಾಗಿಲ ಕಡೆ ಒಮ್ಮೆ ನೋಡಿದಳು.

"ಇತ್ತಾ?" ಎಂದಳು. "ನಂಗೆ ಆ ವಾಸನೆ ಗೊತ್ತಾಗೋದು ನಿಂತು ಹತ್ತು ವರ್ಷದ ಮೇಲಾಯ್ತು ಕಣೋ. ದಿನಾ ಅವರ ಬಟ್ಟೆ ಒಗೆದವಳು ನಾನು, ನನ್ನ ಮೂಗು ಇನ್ನೆಲ್ಲಿ ಉಳಿಯತ್ತೆ?"

ಹಾಗಾದರೆ ದಿನಾ ಸಂಜೆ ಮೂಗು ಮುಚ್ಚಿಕೊಳ್ಳುತ್ತಿದ್ದದ್ದು?

"ಗೇಟಿನ ಸದ್ದಾದ ಕೂಡ್ಲೇ ಮುಚ್ಕೊಳ್ತಿದ್ದೆ. ಅವರು ನಗ್ತಾ ಒಳಗೆ ಬರೋರು. ಅದನ್ನ ನೋಡೋಕೆ ಮುಚ್ಕೊಳ್ತಿದ್ದೆ. ಈಗ ಅವರು ಮನೇಲೇ ಇರ್ತಾರೆ, ಗೇಟು ತೆಗ್ಯೋರೇ ಇಲ್ಲ. ದಿನವಿಡೀ ಎದುರುಬದುರು ಕೂತಿರ್ತೀವಿ, ಮಾತೇ ಸಿಗಲ್ಲ. ಅವರಿಗೆ ಹೇಳ್ಬೇಡ."

ನಾನು ಕಣ್ಣೊರೆಸಿಕೊಂಡೆ. ಬ್ಲೀಚಿನಿಂದ ಎಂದು ಹೇಳಿಕೊಂಡೆ.

ಪೈಪಿನಲ್ಲಿ ಸ್ವಲ್ಪ ಕಸ ಉಳಿದಿದೆ ಎಂದು ಭಾವನಿಗೆ ಸುಳ್ಳು ಹೇಳಿ, ಮಧ್ಯಾಹ್ನವೆಲ್ಲ ಒಬ್ಬನೇ ಕೂತು ಗೀಸರು ಖಾಲಿ ಮಾಡಿದೆ, ತುಂಬಿಸಿದೆ, ಮತ್ತೆ ಖಾಲಿ ಮಾಡಿದೆ. ಐದು ಸಲ. ಕೊನೆಗೆ ಎರಡೂ ನಲ್ಲಿಗಳಿಂದ ಮೂರು ಲೋಟ ನೀರು ಕುಡಿದೆ. ನನ್ನ ಬೇಕರಿಯ ನೀರೂ ಅಷ್ಟು ಚೊಕ್ಕಟವಾಗಿಲ್ಲ. ವಾರಕ್ಕೆ ಸಿಗುವ ಒಂದು ಭಾನುವಾರ ಹೋಯಿತೆಂದು ನನಗೆ ಬೇಜಾರಿರಲಿಲ್ಲ.

ಸೋಮವಾರ ಬೆಳಿಗ್ಗೆ ಬೀಳ್ಕೊಡಲು ಒಂದು ಚೀಲ ಬನ್ನು ಹಿಡಿದು ಹೋದೆ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟೇರಿಂಗ್ ಹಿಡಿದು ಕೂತಿದ್ದರು. ಅಕ್ಕ ಹಿಂದಿನ ಬಾಗಿಲಿನಿಂದ ಹತ್ತಿದಳು. ಸಿಂಕಿನ ನಲ್ಲಿ ತಿರುಗಿಸಿ ಲೋಟಕ್ಕೆ ನೀರು ಹಿಡಿದಳು. ಮೂಗಿನ ಹತ್ತಿರ ತಂದಳು. ಎಡಗೈಯಿಂದ ಮೂಗು ಮುಚ್ಚಿಕೊಂಡಳು.

"ಬಂತು ನೋಡಿ ಈಜುಕೊಳ," ಎಂದಳು.

ಭಾವನ ಮುಖ ಸಪ್ಪಗಾಯಿತು. ಶರತ್ತು ನೆನಪಾಗಿರಬೇಕು, ಕೈ ಸ್ಟೇರಿಂಗಿನಿಂದ ಜಾರಿತು. ಪಾಸು ಮಾಡಿದವನು ನೀನಲ್ಲವೇ ಎನ್ನುವಂತೆ ಕಿಟಕಿಯಿಂದ ನನ್ನನ್ನು ನೋಡಿದರು. ಇಪ್ಪತ್ತೆಂಟು ವರ್ಷ ಹಿಟ್ಟು ಮೂಸಿ ಗಳಿಸಿದ ನನ್ನ ಮೂಗಿನ ಮರ್ಯಾದೆಯ ಪ್ರಶ್ನೆ. ಅಕ್ಕನೂ ಮೂಗು ಮುಚ್ಚಿಕೊಂಡೇ ನನ್ನ ಕಡೆ ನೋಡುತ್ತಿದ್ದಳು.

"ಹೌದು ಭಾವ," ಎಂದೆ. "ಸ್ವಲ್ಪ ಇದೆ."

ಭಾವ ಇನ್ನೊಂದು ಸಲ ತೊಳೆಯೋಣವೇ ಎಂದು ಕೇಳಲು ಹಿಂದಕ್ಕೆ ತಿರುಗಿದರು. ಹಿಂದೆ ಯಾರೂ ಇರಲಿಲ್ಲ. ಅಕ್ಕ ಆಗಲೇ ಇಳಿದು ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದಳು. ಭಾವ ನಗುತ್ತಾ ಗಾಡಿ ಸ್ಟಾರ್ಟ್ ಮಾಡಿದರು.