ಬಿಚ್ಚಿ ತೋರಿಸಿದ ಚಾಪೆ

ತರಕಾರಿ ಅಂಗಡಿಯನ್ನು ಶನಿವಾರದ ಕೆಲಸಕ್ಕೆ ಬರುವ ಲೆಪೇಕಾಗೇ ಕೊಡಬೇಕು ಎಂದು ಸುಕ್‌ಯಿನ್ ತೀರ್ಮಾನಿಸಿದ್ದು ಡಾಕ್ಟರ ಹತ್ತಿರ ಮಂಡಿ ತೋರಿಸಿಕೊಂಡು ಬಸ್ಸಿನಲ್ಲಿ ವಾಪಸು ಬರುವಾಗ. ಇನ್ನು ಮೇಲೆ ಮೂಟೆ ಎತ್ತುವ ಹಾಗಿಲ್ಲ, ನಸುಕಿನಲ್ಲೆದ್ದು ಸಗಟು ಮಾರುಕಟ್ಟೆಯ ಸಿಮೆಂಟು ನೆಲದ ಮೇಲೆ ನಿಲ್ಲುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೋದ ಚಳಿಗಾಲದಿಂದ ಗಂಡ ಗಾಮ್‌ವಿಂಗ್‌ಗೂ ಎದೆಯ ತೊಂದರೆ. ಮಗಳು ಡೊರೀನ್ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. "ಆಲೂಗಡ್ಡೆ ಮೂಟೆ ಪಕ್ಕ ಕೂತು ಹೋಮ್‌ವರ್ಕ್ ಮಾಡಿದ್ದು ಸಾಕಮ್ಮ, ಇನ್ನು ತರಕಾರಿ ತಿನ್ನೋದಷ್ಟೇ ನನ್ನ ಕೆಲಸ" ಎಂದು ನಗುತ್ತಲೇ ಕೈ ತೊಳೆದುಕೊಂಡಿದ್ದಳು.

ಬಸ್ಸು ಓಟಾಹುಹುವಿನ ಮುಖ್ಯರಸ್ತೆಗೆ ತಿರುಗಿದಾಗ ಅಂಗಡಿ ಕಾಣಿಸಿತು. ಅಂದು ಶನಿವಾರ; ಹೊರಗೆ ಹಲಗೆಯ ಮೇಲೆ ಲೆಪೇಕಾ ಹಸಿ ಬಾಳೆಕಾಯಿಯ ಗೊನೆ ಜೋಡಿಸುತ್ತಿದ್ದಳು. ಯಾರಿಗೋ ಏನೋ ಕೂಗಿ ಹೇಳಿದಳು. ಬೀದಿಯ ಆಚೆ ಬದಿಯವರೂ ನಕ್ಕರು.

ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ವಿಷಯ ಹೇಳಿದಳು. ಕಟ್ಟಡ ನಮ್ಮದೇ ಇರಲಿ, ವ್ಯಾಪಾರ ಮಾತ್ರ ಅವಳು ನಡೆಸಲಿ, ತಿಂಗಳ ಬಾಡಿಗೆ ಕೊಡಲಿ ಎಂದಳು.

"ನಿಂಗೆ ಮಂಡಿ ಹೋಗಿದೆಯೋ ತಲೆ ಹೋಗಿದೆಯೋ?" ಎಂದ ಗಾಮ್‌ವಿಂಗ್.

"ಹನ್ನೊಂದು ವರ್ಷದಿಂದ ಶನಿವಾರ ಶನಿವಾರ ಬಂದು ದುಡೀತಿದಾಳೆ. ಕೊಳೆತ ಟೊಮ್ಯಾಟೊ ಮುಟ್ಟಿ ನೋಡೋದು ಬೇಡ, ವಾಸನೇಲೇ ಹೇಳ್ತಾಳೆ."

"ದುಡಿಯಲ್ಲ ಅಂದ್ನಾ? ದುಡಿದಿದ್ದು ನಿಲ್ಲಲ್ಲ ಅಂದೆ. ಒಬ್ಬ ಮಾವ ಸತ್ತ ಅಂದ್ರೆ ಅರ್ಧ ಅಂಗಡಿ ಹೋಗುತ್ತೆ. ಪಾದ್ರಿ ಮಗಳ ಮದುವೆ ಅಂದ್ರೆ ಇನ್ನರ್ಧ. ಮಿಕ್ಕಿದ್ದು ಅಂದ್ರೆ ತಕ್ಕಡಿ."

"ಸುಮ್ನೆ ಊಟ ಮಾಡು ಡೊರೀನಪ್ಪ."

"ಇನ್ನೊಂದು ಮಾತು ಕೇಳಿಸ್ಕೋ. ಅವ್ರ ಕೈಯಿಂದ ಏನಾದ್ರೂ ದೊಡ್ಡದು ಇಸ್ಕೊಂಡ್ಯೋ, ಮುಗೀತು. ಆಮೇಲೆ ಅವ್ರ ಮನೇಲಿ ಯಾರು ಸತ್ರೂ, ಯಾರು ಹುಟ್ಟಿದ್ರೂ ನಮ್ಮ ಬಾಗಿಲು ತಟ್ತಾರೆ. ನೆಂಟ್ರು ಅಂದ್ರೆ ಅವ್ರಿಗೆ ಲೆಕ್ಕ ಇಲ್ಲ."

ಸುಕ್‌ಯಿನ್ ತಟ್ಟೆ ಎತ್ತಿಕೊಂಡು ಎದ್ದಳು. ಪಾತ್ರೆ ತೊಳೆಯುವಾಗಲೂ ಅದೇ ತಲೆಯಲ್ಲಿ ತಿರುಗಿತು.

ಅವಳೂ ಲೆಪೇಕಾಳೂ ಈ ಊರಿಗೆ ಬಂದದ್ದು ಒಂದೇ ವರ್ಷ. ಸುಕ್‌ಯಿನ್ ಹಾಂಗ್‌ಕಾಂಗಿನಿಂದ ಮದುವೆಯಾಗಿ ಬಂದವಳು. ಲೆಪೇಕಾ ಸಮೋವಾದಿಂದ ಚಿಕ್ಕಮ್ಮನ ಜೊತೆ ಬಂದ ಹುಡುಗಿ. ಇಂದು ನೋಡಿದರೆ ಇವರಿಗೆ ಅಂಗಡಿ, ಮೇಲೆ ಮನೆ, ಓದಿದ ಮಗಳು. ಅವರಿಗೆ ಸರ್ಕಾರದ ಬಾಡಿಗೆ ಮನೆ. ಲೆಪೇಕಾ ವಾರವಿಡೀ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಯ ಹಬೆಯಲ್ಲಿ ನಿಲ್ಲುತ್ತಿದ್ದಳು. ಅವಳ ಗಂಡ ಫಿಲೆಮೋನಿ ಕೆಲಸ ಮಾಡುತ್ತಿದ್ದ ಕಾರು ಜೋಡಿಸುವ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾಗಿದ್ದವು.

ಅವರು ಉಳಿಸಲಿಲ್ಲ, ನಾವು ಉಳಿಸಿದೆವು ಎಂದು ಗಾಮ್‌ವಿಂಗ್ ಹೇಳುತ್ತಿದ್ದ. ಹಾಗೆ ಹೇಳುವಾಗ ಅವನು ಒಂದು ಮಾತು ಬಿಟ್ಟುಬಿಡುತ್ತಿದ್ದ. ಅವನ ಅಪ್ಪ ಈ ಅಂಗಡಿ ಹಿಡಿದದ್ದು ಒಬ್ಬನೇ ಉಳಿಸಿದ ದುಡ್ಡಿನಿಂದಲ್ಲ. ಒಂದೇ ಊರಿನ, ಒಂದೇ ಮನೆತನದ ಹೆಸರಿನ ಜನ ಕೂಡಿ ಚೀಟಿ ಹಾಕಿ, ಮೊದಲ ಚೀಟಿ ಅವನಿಗೆ ಬಿಟ್ಟುಕೊಟ್ಟಿದ್ದರು. ಲೆಪೇಕಾಳ ಜನ ಕೂಡಿ ಹಾಕಿದ್ದು ಸತ್ತವರನ್ನು ಕಳಿಸುವುದಕ್ಕೆ, ದ್ವೀಪದಲ್ಲಿ ಮನೆಗೆ ತಗಡು ಹೊದಿಸುವುದಕ್ಕೆ ಹೋಯಿತು. ನಮ್ಮ ಜನ ಕೂಡಿ ಹಾಕಿದ್ದು ಅಂಗಡಿಯಾಯಿತು. ಅಷ್ಟೇ ವ್ಯತ್ಯಾಸವೋ? ಅಥವಾ ಹೀಗೆ ಯೋಚಿಸುವುದೂ ನನ್ನ ಸಮಾಧಾನಕ್ಕೋ? ಸುಕ್‌ಯಿನ್‌ಗೆ ಸರಿಯಾಗಿ ಗೊತ್ತಾಗಲಿಲ್ಲ. ಅವಳು ಲೆಪೇಕಾಳ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಇಷ್ಟು ವರ್ಷದ ಸ್ನೇಹವೆಲ್ಲ ಕೌಂಟರಿನ ಆಚೆ ಈಚೆಯದು. ಸುಕ್‌ಯಿನ್‌ಳ ಮನೆಗೂ ಯಾರೂ ಬರುತ್ತಿರಲಿಲ್ಲ. ಭಾನುವಾರ ಅಂಗಡಿ ಮುಚ್ಚಿದಾಗ ಮೆಟ್ಟಿಲ ಮೇಲೆ ಗಂಡಹೆಂಡಿರ ಹೆಜ್ಜೆ ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ.

ಮುಂದಿನ ಶನಿವಾರ ಸಂಜೆ ಶಟರು ಎಳೆಯುವ ಮುಂಚೆ ಸುಕ್‌ಯಿನ್ ಕೇಳಿಯೇಬಿಟ್ಟಳು. ಲೆಪೇಕಾ ಕೆಸುವಿನ ಗೆಡ್ಡೆಯ ಮಣ್ಣು ಕೊಡವುತ್ತಿದ್ದವಳು ಹಾಗೇ ನಿಂತಳು.

"ತಮಾಷೆ ಮಾಡ್ತಿದೀರಾ ಆಂಟಿ?"

"ನಾನ್ಯಾವತ್ತು ತಮಾಷೆ ಮಾಡಿದೀನಿ?"

"ಅದೂ ನಿಜ." ಲೆಪೇಕಾ ಜೋರಾಗಿ ನಕ್ಕಳು. ನಗು ನಿಂತ ಮೇಲೆ ಕೈ ಒರೆಸಿಕೊಂಡು ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿದಳು, ಈಗಷ್ಟೇ ಒಳಗೆ ಬಂದವಳ ಹಾಗೆ. "ಆ ಹಬೆಯಿಂದ ಆಚೆ ಬರ್ತೀನಿ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಆದ್ರೆ ನಾನೊಬ್ಳೇ ಹ್ಞೂಂ ಅನ್ನೋಕಾಗಲ್ಲ. ಸೋದರಮಾವನ್ನ ಕೇಳ್ಬೇಕು. ಮಾವನ ಮಕ್ಕಳ ಹತ್ರ ಲಾರಿ ಇದೆ, ಮಾರ್ಕೆಟ್ಟಿಂದ ಮಾಲು ಅವ್ರೇ ತರ್ಬೇಕು. ಮೊದಲ್ನೇ ಮಾಲಿಗೂ ಎಲ್ರೂ ಸೇರಿ ಹಾಕ್ಬೇಕು."

"ಕೇಳು. ಯಾರು ಬೇಡ ಅಂದ್ರು?"

ಮುಂದಿನ ಭಾನುವಾರ ಮಧ್ಯಾಹ್ನ ಗಾಮ್‌ವಿಂಗ್ ಕಿಟಕಿಯಿಂದ ಕೆಳಗೆ ನೋಡಿ ಗಾಬರಿಯಾದ. "ಬಾ ಇಲ್ಲಿ! ಯಾರೋ ಸತ್ತಿದಾರೆ, ನಮ್ಮ ಬಾಗಿಲಿಗೇ ಬಂದಿದಾರೆ!"

ಕೆಳಗೆ ಫುಟ್‌ಪಾತಿನ ಮೇಲೆ ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟ ಜನ ನಿಂತಿದ್ದರು. ಹೆಂಗಸರ ತಲೆಯ ಮೇಲೆ ಬಿಳಿ ಹ್ಯಾಟು. ಗಾಮ್‌ವಿಂಗ್‌ನ ಕಡೆಯವರಿಗೆ ಬಿಳಿ ಸಾವಿನ ಬಟ್ಟೆ; ಇವರು ಚರ್ಚಿನಿಂದ ನೇರ ಬಂದಿದ್ದರು. ಎಲ್ಲರ ಮುಂದೆ ಲೆಪೇಕಾಳ ಸೋದರಮಾವ ಇಯೋಸೆಫೋ, ಪಂಚೆಯ ಮೇಲೆ ಕೋಟು ತೊಟ್ಟು, ಕೈಯಲ್ಲಿ ಉದ್ದ ಕೋಲು, ಹೆಗಲ ಮೇಲೆ ನಾರಿನ ಚಾಮರ. ಆ ಮನೆತನದ ಪರವಾಗಿ ಮಾತಾಡುವವನು ಅವನೇ. ಲೆಪೇಕಾ ಹಿಂದೆ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಕೆಲಸದ ದಿನ ಬೀದಿಗೆಲ್ಲ ಕೇಳುವಂತೆ ಕೂಗುವ ಅವಳನ್ನು ಹಾಗೆ ಸುಕ್‌ಯಿನ್ ನೋಡಿಯೇ ಇರಲಿಲ್ಲ.

ಸುಕ್‌ಯಿನ್ ಮನೆ ಚಪ್ಪಲಿಯಲ್ಲೇ, ಏಪ್ರನ್ನೂ ಬಿಚ್ಚದೆ ಇಳಿದು ಬಂದಳು. ಇಯೋಸೆಫೋ ಕೋಲೂರಿ ಮಾತು ಶುರುಮಾಡಿದ. ನಿಧಾನವಾಗಿ, ಹಾಡಿನಂತೆ ಏರಿ ಇಳಿಯುವ ಮಾತು. ಪಕ್ಕದಲ್ಲಿ ಫಿಲೆಮೋನಿ ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದ. "ನೀವು ನಮ್ಮ ಮಗಳ ಕೈ ಹಿಡಿದು ಎತ್ತಿದೀರಿ ಅಂತಿದಾರೆ. ಎರಡು ಮನೆ ಇನ್ನು ಒಂದೇ ಅಂತಿದಾರೆ. ನಮ್ಮ ಹತ್ರ ಇರೋದ್ರಲ್ಲಿ ದೊಡ್ಡದು ತಂದಿದೀವಿ ಅಂತಿದಾರೆ."

ಇಬ್ಬರು ಹೆಂಗಸರು ಮುಂದೆ ಬಂದು ಒಂದು ಚಾಪೆ ಬಿಚ್ಚಿದರು. ಚಾಪೆ ಎಂದರೆ ಚಾಪೆಯಲ್ಲ, ರೇಷ್ಮೆಯ ಹಾಗೆ ಮಡಿಕೆ ಬೀಳುವ ಬಟ್ಟೆ. ಕೇದಗೆಯ ಎಲೆಯನ್ನು ದಾರದಷ್ಟು ಸಣ್ಣಗೆ ಸೀಳಿ ಹೆಣೆದದ್ದು. ಹಳತಾಗಿ ಜೇನಿನ ಬಣ್ಣ ಬಂದಿತ್ತು, ಅಂಚಿಗೆ ಕೆಂಪು ಗರಿ. ಅದನ್ನು ಹಿಡಿದು ಹೆಂಗಸರು ಅವಳ ಮುಂದೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ನಡೆದರು. ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ಹಾಗೆ ತೋರಿಸಿದಾಗ ಪಡೆಯುವವರು ಎದ್ದು ಹೊಗಳಿ ಕೂಗಬೇಕಂತೆ. ಸುಕ್‌ಯಿನ್‌ಗೆ ಅದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅವಳ ಅಮ್ಮ ಕಲಿಸಿದ್ದು. ಕೊಟ್ಟ ತಕ್ಷಣ ಕೈಚಾಚಿದರೆ ಆಸೆಬುರುಕಿ ಅನ್ನುತ್ತಾರೆ. ಎರಡು ಸಲ ಬೇಡ ಅನ್ನು, ಮೂರನೆಯ ಸಲ ಎರಡೂ ಕೈಯಲ್ಲಿ ತೆಗೆದುಕೋ.

"ಅಯ್ಯೋ ಬೇಡ ಬೇಡ. ಇಷ್ಟು ದೊಡ್ಡದು ನಮಗ್ಯಾಕೆ? ನಾವೇನು ಮಾಡಿದೀವಿ ಅಂತ? ತಗೊಂಡು ಹೋಗಿ" ಎಂದಳು.

ಫಿಲೆಮೋನಿ ಅದನ್ನು ತಮ್ಮ ಭಾಷೆಗೆ ತಿರುಗಿಸಲು ಹಿಂಜರಿದ. ಇಯೋಸೆಫೋ ಅವನತ್ತ ನೋಡಲಿಲ್ಲ, ಸುಕ್‌ಯಿನ್‌ಳ ಕೈಗಳನ್ನೇ ನೋಡಿದ. ಇನ್ನೊಮ್ಮೆ ಮಾತಾಡಿದ, ಈ ಸಲ ಚಿಕ್ಕದಾಗಿ. ಹೆಂಗಸರು ಚಾಪೆಯನ್ನು ಇನ್ನಷ್ಟು ಹತ್ತಿರ ತಂದರು.

"ಬೇಡಪ್ಪಾ, ನಿಜವಾಗ್ಲೂ ಬೇಡ. ನಿಮ್ಮ ಮನೇಲೇ ಇರ್ಲಿ." ಹೇಳುತ್ತಾ ಅದರ ಅಂಚನ್ನು ಎರಡೂ ಅಂಗೈಯಿಂದ ಮೆಲ್ಲಗೆ ಆಚೆ ಸರಿಸಿದಳು.

ಇಯೋಸೆಫೋ ತಲೆಯಾಡಿಸಿದ. ಹೆಂಗಸರು ಚಾಪೆ ಮಡಿಸಿದರು. ಸುಕ್‌ಯಿನ್ ಮೂರನೆಯ ಸಲಕ್ಕೆ ಕಾಯುತ್ತಾ ನಿಂತಳು. ಮುಖದ ಮೇಲೆ ನಗು ಸಿದ್ಧವಾಗಿತ್ತು, ಹೇಳಬೇಕಾದ ಮಾತೂ ಸಿದ್ಧವಾಗಿತ್ತು. ಇಯೋಸೆಫೋ ಬಹಳ ಮರ್ಯಾದೆಯಿಂದ ನಮಸ್ಕರಿಸಿ ತಿರುಗಿದ. ಬಿಳಿ ಬಟ್ಟೆಯವರೆಲ್ಲ ಅವನ ಹಿಂದೆ ಬಸ್‌ಸ್ಟಾಪಿನತ್ತ ನಡೆದರು. ಲೆಪೇಕಾ ಒಮ್ಮೆ ತಿರುಗಿ ನೋಡಿದಳು. ಓಡಿ ಹೋಗಿ ಕರೆಯಬೇಕು ಎಂದು ಸುಕ್‌ಯಿನ್‌ಗೆ ಅನ್ನಿಸಿತು. ಕೊಟ್ಟದ್ದನ್ನು ಬೀದಿಯಲ್ಲಿ ಬೆನ್ನಟ್ಟಿ ಇಸಿದುಕೊಳ್ಳುವುದು ಹೇಗೆ ಎಂದೂ ಅನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು.

"ಒಳ್ಳೇದಾಯ್ತು ಬಿಡು" ಎಂದ ಗಾಮ್‌ವಿಂಗ್, ಮೆಟ್ಟಿಲ ಮೇಲಿನಿಂದ.

ಶನಿವಾರ ಲೆಪೇಕಾ ಬರಲಿಲ್ಲ. ಬಂದದ್ದು ತಾಸೀ ಎಂಬ ಮುದುಕಿ, ಹಳೆಯ ಗಿರಾಕಿ. ಕೆಸುವಿನ ಸೊಪ್ಪಿನ ಕಟ್ಟನ್ನು ತಿರುವಿ ಮುರುವಿ ನೋಡಿ, "ಏನವ್ವಾ, ಇಯೋಸೆಫೋನ ಮನೆ ಚಾಪೆ ವಾಪಸ್ ಕಳಿಸಿದ್ಯಂತೆ? ಚರ್ಚಲ್ಲಿ ಎಲ್ರ ಬಾಯಲ್ಲೂ ಅದೇ" ಎಂದಳು.

"ವಾಪಸ್ ಕಳಿಸ್ಲಿಲ್ಲ! ಬೇಡ ಅಂದೆ ಅಷ್ಟೇ."

"ಬೇಡ ಅಂದ್ರೆ ಇನ್ನೇನು? ಅದು ಲೆಪೇಕಾನ ಅಜ್ಜಿ ಹೆಣೆದಿದ್ದು. ಕಣ್ಣು ಹೋಗೋವರ್ಗೂ ಹೆಣೆದ್ಳು. ಅದನ್ನ ಬೀದೀಲಿ ತಳ್ಳಿದೆ ಅಂದ್ರೆ ನೀವ್ಯಾರೂ ನಂಗೆ ಬೇಡ ಅಂದ ಹಾಗೆ."

"ನಮ್ಮಲ್ಲಿ ಬೇಡ ಅಂದ್ರೆ ಹಾಗಲ್ಲ ತಾಸೀ. ಇನ್ನೊಂದ್ಸಲ ಕೇಳ್ಲಿ ಅಂತ."

ಮುದುಕಿ ಅವಳ ಮುಖವನ್ನೇ ನೋಡಿದಳು. "ಹಸಿವಾಗಿದೆ ಅಂತ ಹೇಳೋಕೂ ನಿಮ್ಗೆ ಮೂರು ಸಲ ಬೇಕೇನೋ" ಎಂದು ಸೊಪ್ಪು ಚೀಲಕ್ಕೆ ತುರುಕಿಕೊಂಡಳು.

ಆ ದಿನವೇ ಸುಕ್‌ಯಿನ್ ಲೆಪೇಕಾಳ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಏನು ಹೇಳುವುದು ಎಂದು ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಾ ದಿನ ದೂಡಿದಳು. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಮೂರನೆಯ ಸಲ ಕೇಳಿದ್ದರೆ ತೆಗೆದುಕೊಳ್ಳುತ್ತಿದ್ದೆನೇ? ಆ ಅಂಚನ್ನು ಸರಿಸಿದ್ದು ಬರೀ ಅಮ್ಮ ಕಲಿಸಿದ ಮರ್ಯಾದೆಯೇ, ಅಥವಾ ಗಂಡನ ಮಾತು ಕಿವಿಯಲ್ಲಿತ್ತೇ? ಎರಡು ಮನೆ ಇನ್ನು ಒಂದೇ ಎಂದಾಗ ಒಂದು ಕ್ಷಣ ಹೆದರಿಕೆಯಾದದ್ದು ನಿಜ. ಅಷ್ಟು ಜನ, ಅಷ್ಟು ಸಾವು, ಅಷ್ಟು ಮದುವೆ. ಹಾಗಾದರೆ ಅಂಗೈಗೆ ಮಾತ್ರ ನಿಜ ಗೊತ್ತಿತ್ತೇನೋ.

ಕೊನೆಗೆ ಹೋದಾಗ ಕಿತ್ತಳೆ ಹಣ್ಣಿನ ಪೆಟ್ಟಿಗೆಯೊಂದನ್ನು ಟ್ಯಾಕ್ಸಿಯಲ್ಲಿಟ್ಟುಕೊಂಡಿದ್ದಳು. ಲೆಪೇಕಾಳ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಎಷ್ಟು ಜನ ಇದ್ದಾರೆಂದು ತಿಳಿಯದಷ್ಟು ಚಪ್ಪಲಿಗಳು ಹೊರಗಿದ್ದವು. ಹಾಲಿನಲ್ಲಿ ಕುರ್ಚಿಗಳಿರಲಿಲ್ಲ, ಗೋಡೆಯುದ್ದಕ್ಕೂ ಮಡಿಸಿಟ್ಟ ಹಾಸಿಗೆಗಳು. ಯಾರೋ ಒಬ್ಬರು ಒಂದೇ ಒಂದು ಒಳ್ಳೆಯ ಕುರ್ಚಿ ತಂದು ಅವಳಿಗೆ ಹಾಕಿ, ಎಲ್ಲರೂ ಎದ್ದು ಅಡುಗೆಮನೆಗೆ ಹೋದರು. ಲೆಪೇಕಾ ಅವಳ ಎದುರು ನೆಲದ ಮೇಲೆ ಕಾಲು ಮಡಿಸಿ ಕೂತಳು.

"ತಪ್ಪಾಯ್ತು ಲೆಪೇಕಾ. ನಮ್ಮಲ್ಲಿ ಹಾಗೆ ಅನ್ನೋದು..."

"ಗೊತ್ತು ಆಂಟಿ." ಲೆಪೇಕಾ ಮೆಲ್ಲಗೆ ನಕ್ಕಳು. "ನಾನು ಗೆಡ್ಡೆ ತಂದ್ಕೊಟ್ರೂ ಬೇಡ ಬೇಡ ಅಂತಿದ್ರಿ. ನಾನು ಕೌಂಟರ್ ಮೇಲೆ ಎಸೆದು ಓಡಿಹೋಗ್ತಿದ್ದೆ. ನಂಗೆ ಗೊತ್ತಿತ್ತು."

"ಮತ್ತೆ ಅವತ್ತು ಹೇಳ್ಬಾರ್ದಿತ್ತಾ?"

"ಮಾವ ನಿಂತು ಮಾತಾಡೋವಾಗ ನಾನು ಬಾಯಿ ಹಾಕೋದಾ? ಅದೂ ಬೀದೀಲಿ?" ಲೆಪೇಕಾ ತನ್ನ ಕೈಗಳನ್ನು ನೋಡಿಕೊಂಡಳು. ಹಬೆಗೆ ಬೆಂದು ಸುಕ್ಕಾದ ಬೆರಳುಗಳು. "ಹಾಕ್ಬೇಕಿತ್ತು. ದಿನಾ ಅಂದ್ಕೋತೀನಿ, ಒಂದೇ ಒಂದು ಮಾತು ಹಾಕ್ಬೇಕಿತ್ತು."

"ನಿಮ್ಮ ಮಾವನ್ನ ಕರ್ಸು. ನಾನೇ ಕೇಳ್ತೀನಿ. ಚಾಪೆ ಕೊಡಿ ಅಂತ ಬಾಯಿಬಿಟ್ಟು ಕೇಳ್ತೀನಿ."

"ಚಾಪೆ ಇಲ್ಲ ಆಂಟಿ. ಹೋದ ವಾರ ಮಾಂಗೆರೆಯಲ್ಲಿ ಒಂದು ಸಾವಾಯ್ತು, ನಮ್ಮ ಮನೆತನದ ಪಾಲು ಅಂತ ಅಲ್ಲಿ ಕೊಟ್ಟಾಯ್ತು. ಈಗ ಅದು ಯಾರ ಮನೇಲಿದೆಯೋ."

ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು, ಯಾರೋ ಬೈದರು.

"ಹಾಗಾದ್ರೆ ಚಾಪೆ ಇಲ್ದೇನೇ ಅಂಗಡಿ ತಗೋ."

"ಇಲ್ಲ ಆಂಟಿ."

"ಬಾಡಿಗೆ ಮೊದಲ್ನೇ ವರ್ಷ ಬೇಡ. ಡೊರೀನಪ್ಪನಿಗೆ ನಾನು ಹೇಳ್ಕೋತೀನಿ."

"ಬೇಡ ಆಂಟಿ. ಲಾರಿ ಬರಲ್ಲ. ಮಾವನ ಮಕ್ಕಳು ಆ ಬೀದಿಗೇ ಬರಲ್ಲ ಅಂತಿದಾರೆ. ನಾನೊಬ್ಳೇ ಹೋಗಿ ಅಲ್ಲಿ ನಿಂತ್ರೆ ಅವ್ರನ್ನೆಲ್ಲ ಬಿಟ್ಟು ನಿಂತ ಹಾಗೆ. ಅವ್ರನ್ನ ಬಿಟ್ರೆ ನಂಗೇನಿದೆ?"

ಸುಕ್‌ಯಿನ್ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಮಂಡಿ ಚುಳ್ಳೆಂದಿತು. "ಲೆಪೇಕಾ, ಮೂರನೇ ಸಲ ಕೇಳ್ತಿದೀನಿ."

ಲೆಪೇಕಾ ತಲೆಯೆತ್ತಿ ನೋಡಿದಳು. ಅವಳ ಕಣ್ಣಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಸುಕ್‌ಯಿನ್‌ಗೆ.

"ಎಷ್ಟು ಸಲ ಕೇಳಿದ್ರೂ ಅಷ್ಟೇ ಆಂಟಿ. ನಾವು ಬೇಡ ಅಂದ್ರೆ ಬೇಡ." ಏಳುತ್ತಾ ಅವಳೇ ಹೇಳಿದಳು, "ಅಂಗಡಿ ಬೇರೆಯವರಿಗೆ ಹೋಗೋವರ್ಗೂ ಶನಿವಾರ ಬರ್ತೀನಿ. ನಿಮ್ಮ ಕೈಲಿ ಮೂಟೆ ಎತ್ತೋಕಾಗಲ್ಲ."

ಮಾತಿನಂತೆ ಬಂದಳು. ಎಂದಿನಂತೆ ಗೊನೆ ಜೋಡಿಸಿದಳು, ಗಿರಾಕಿಗಳನ್ನು ಚುಡಾಯಿಸಿದಳು. ಆದರೆ ಮನೆಯಿಂದ ಏನನ್ನೂ ತರಲಿಲ್ಲ. ಸುಕ್‌ಯಿನ್ ಕೂಡ ಏನನ್ನೂ ಕೊಡಲು ಹೋಗಲಿಲ್ಲ.

ಶರತ್ಕಾಲದಲ್ಲಿ ಅಂಗಡಿ ಬೇರೊಬ್ಬನಿಗೆ ಹೋಯಿತು. ಅವನು ಹಣ್ಣಿನ ಹಲಗೆಗಳನ್ನೆಲ್ಲ ಕಿತ್ತು ಹೆಂಡದ ಬಾಟಲಿ ಇಡುತ್ತೇನೆ ಎಂದ. ಬಾಡಿಗೆ ಮಾತ್ರ ಕೇಳಿದಷ್ಟು ಒಪ್ಪಿದ. ಕೊನೆಯ ಶನಿವಾರ ಲೆಪೇಕಾ ಕತ್ತಲಾಗುವವರೆಗೂ ಇದ್ದು, ನೆಲ ತೊಳೆದು, ಕೂಲಿ ತೆಗೆದುಕೊಂಡು ಬಸ್ಸಿಗೆ ಹೋದಳು. ಸುಕ್‌ಯಿನ್ ಖಾಲಿ ಹಲಗೆಗಳನ್ನು ಒರೆಸುತ್ತಿದ್ದಳು. ಗಾಮ್‌ವಿಂಗ್ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತು ಬೀದಿ ನೋಡಿದ.

"ಅವ್ಳು ನಡೆಸ್ತಿದ್ಳು ಕಣೇ" ಎಂದ. "ಚೆನ್ನಾಗೇ ನಡೆಸ್ತಿದ್ಳು."

"ಈಗ ಹೇಳಿ ಏನು ಬಂತು" ಎಂದಳು ಸುಕ್‌ಯಿನ್. ಅದನ್ನು ಅವನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ಬಟ್ಟೆ ಹಿಂಡಿ ಮುಂದಿನ ಹಲಗೆಗೆ ಹೋದಳು.